ಹೊಟ್ಟಿ ನಿಧಾನ ಆದವರು ಉಣ್ಣೋದು ಹೆಂಗ? ಗ್ಯಾಸ್ಟ್ರೋಪರೆಸಿಸ್ ಜೋಡಿ ಆರು ವರ್ಷ ಬಾಳೇ ಮಾಡಿದ ಮ್ಯಾಲ ಬರಿಯಾಕತ್ತೀನಿ

ಮೊದಲ ಒಂದ ಮಾತು ಕೇಳತೀನಿ. ಮುಂಜಾನಿ ಎದ್ದು ವಾಂತಿ ಆದಾಗ ಅದರಾಗ ಹಿಂದಿನ ರಾತ್ರಿ ಉಂಡಿದ್ದು ಹಂಗ ಹೊರಗ ಬಂದೈತೇನು? ನನಗ ಬಂದಿತ್ತು. ರಾತ್ರಿ ಎಂಟಕ್ಕ ರೊಟ್ಟಿ, ಮಡಕಿಕಾಳ ಪಲ್ಲೆ ಉಂಡಿದ್ದೆ, ಮರುದಿವಸ ಮುಂಜಾನಿ ಏಳಕ್ಕ ಬಚ್ಚಲದಾಗ ಕುಂತು ಕಾರಿಕೊಂಡ್ರ ಆ ಮಡಕಿಕಾಳು ಒಂದೊಂದಾಗಿ ಎಣಿಸಬೇಕು ಹಂಗ ಇಡೀ ಇಡೀ ಬಿದ್ದಿದ್ವು. ಹನ್ನೊಂದು ತಾಸು ಹೊಟ್ಟ್ಯಾಗ ಇದ್ದು ಬಂದಾವು ಅಂದ್ರ ಯಾರೂ ನಂಬಂಗಿರಲಿಲ್ಲ.

ನಮ್ಮದು ಬಾಗಲಕೋಟಿ. ಶುಗರ್ ಬಂದು 17 ವರ್ಷ ಆತು, ಅದರಾಗ ಈ ಹೊಟ್ಟಿ ತ್ರಾಸು ಎಂಟು ವರ್ಷದ್ದು, ಆದ್ರ ಮೊದಲಿನ ಎರಡು ವರ್ಷ ಇದರ ಹೆಸರ ನನಗ ಗೊತ್ತಿರಲಿಲ್ಲ. ನಾನು ಪಿತ್ತ ಅಂದ್ಕೊಂಡೆ, ತೋರಿಸಿದ ಡಾಕ್ಟರು ಆಸಿಡಿಟಿ ಅಂದ್ರು, ನಮ್ಮ ಅತ್ತಿಯವರು ಯಾರದೋ ದೃಷ್ಟಿ ಆಗೇತಿ ಅಂತ ಉಪ್ಪು ಮೆಣಸಿನಕಾಯಿ ಇಳಿ ತಗದು ಒಲಿಗೆ ಹಾಕಿದ್ರು. ನಾಲ್ಕು ತುತ್ತಿಗೇ ಹೊಟ್ಟಿ ತುಂಬಿ ಬಿಡೋದು, ಆಮ್ಯಾಲ ಎದಿ ಕೆಳಗ ಕಲ್ಲು ಇಟ್ಟಂಗ ಭಾರ, ಸಂಜಿಗೆ ಹೊಟ್ಟಿ ಉಬ್ಬಿ ಸೀರಿ ಗಂಟು ಸಡಲ ಮಾಡಬೇಕು, ವಾಕರಿಕಿ ಅಂತೂ ದಿನಾ ಇದ್ದದ್ದ. 58 ಕಿಲೋ ಇದ್ದಾಕಿ 49ಕ್ಕ ಬಂದೆ, ಕಂಡವರೆಲ್ಲಾ ಡಯಟ್ ಮಾಡೀಯೇನ ಅಂತ ಕೇಳಾಕತ್ತಿದ್ರು! ಕಡೀಕ ಎಂಡೋಸ್ಕೋಪಿ ಮಾಡೋ ಡಾಕ್ಟರು ಒಳಗ ನೋಡಿ, ಹೊರಗ ಬಂದ ಮ್ಯಾಲ ಕೇಳಿದ್ರು, "ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲಲ್ಲವಾ?" ಇಲ್ರೀ ಸರ್ ಅಂದೆ. "ಹಂಗಾರ ಒಳಗ ಇಷ್ಟು ಅನ್ನ ಎಲ್ಲಿಂದ ಬಂತು?" ಅಂದ್ರು. ಅವತ್ತ ಗ್ಯಾಸ್ಟ್ರೋಪರೆಸಿಸ್, ಅಂದ್ರ ಹೊಟ್ಟಿ ನಿಧಾನ ಖಾಲಿ ಆಗೋ ರೋಗ, ಅನ್ನೋ ಹೆಸರು ಮೊದಲ ಸಲ ಕೇಳಿದ್ದು.

ಒಳಗ ಏನಾಗತೈತಿ ಅಂತ ತಿಳಕೊಂಡ್ರ ಏನು ತಿನಬೇಕು ಅನ್ನೋದು ತಾನ ತಿಳೀತೈತಿ, ಅದಕ್ಕ ಅದನ್ನ ಮೊದಲ ಹೇಳತೀನಿ. ಹೊಟ್ಟಿ ಅಂದ್ರ ಬರೇ ಚೀಲ ಅಲ್ರಿ, ಬೀಸುಕಲ್ಲು ಅದು. ನಾವು ಅಗದು ನುಂಗಿದ್ದನ್ನ ಅದರ ಕೆಳಗಿನ ಭಾಗ ಹಿಚುಕಿ ಹಿಚುಕಿ ಒಂದೆರಡು ಮಿಲಿಮೀಟರ್ ಸಣ್ಣ ಕಣ ಆಗೂತನಾ ಬೀಸಿ ಆಮ್ಯಾಲ ಅಷ್ಟಷ್ಟ ಸಣ್ಣ ಕರುಳಿಗೆ ಬಿಡತೈತಿ. ಈ ಕಲ್ಲು ತಿರುಗಸಾಕ ವೇಗಸ್ ಅಂತ ಒಂದು ನರ ಐತಿ, ಮತ್ತ ಹೊಟ್ಟಿ ಗೋಡ್ಯಾಗ ತಾಳ ಹಾಕೋ ಬ್ಯಾರೆ ಜೀವಕೋಶಗಳು ಅದಾವು. ಭಾಳ ವರ್ಷ ಶುಗರ್ ಹೆಚ್ಚಿದ್ರ ಇವು ಕೆಡತಾವು, ಹೊಟ್ಟಿ ಇಲ್ಲಾ ಅನ್ನನಾಳದ ಆಪರೇಷನ್ನಾಗ ನರಕ್ಕ ಪೆಟ್ಟು ಬಿದ್ರೂ ಆಗತೈತಿ, ಒಬ್ಬೊಬ್ಬರಿಗೆ ವೈರಲ್ ಜ್ವರ ಆಗಿ ಹೋದ ಮ್ಯಾಲ ಶುರು ಆಗತೈತಿ, ಇನ್ನ ಭಾಳ ಮಂದಿಗೆ ಕಾರಣಾನ ಸಿಗಂಗಿಲ್ಲ. ದಾರ್ಯಾಗ ಏನೂ ಅಡ್ಡ ಇರಂಗಿಲ್ಲ, ಗಂಟಿಲ್ಲ ಹುಣ್ಣಿಲ್ಲ, ಕಲ್ಲು ತಿರುಗಂಗಿಲ್ಲ ಅಷ್ಟ. ಹಂಗಂದ ಮ್ಯಾಲ ನಾವು ಮಾಡೋದೇನು? ಬೀಸೋ ಕೆಲಸ ಹೊಟ್ಟಿಗೆ ಕಡಿಮಿ ಮಾಡಿ ಅಡಿಗಿಮನ್ಯಾಗ ಮುಗಿಸಿ ಕೊಡೋದು. ನಾ ಕೆಳಗ ಹೇಳೋದೆಲ್ಲಾ ಈ ಒಂದ ಮಾತಿನ ಸುತ್ತ ಐತಿ ಅಂತ ತಿಳಕೋರಿ.

ಆದ್ರ ಪರೀಕ್ಷೆ ಮಾಡಿಸದ ನನಗೂ ಇದ ಐತಿ ಅಂದ್ಕೊಂಡು ಕೂಡಬ್ಯಾಡ್ರಿ. ಮೊದಲ ಎಂಡೋಸ್ಕೋಪಿ ಆಗಿ ದಾರಿ ಬಂದ್ ಆಗಿಲ್ಲ ಅಂತ ಖಾತ್ರಿ ಆಗಬೇಕು. ಆಮ್ಯಾಲ ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಸ್ಕ್ಯಾನ್ ಅಂತ ಒಂದೈತಿ, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇದ್ದ ದೊಡ್ಡ ದವಾಖಾನ್ಯಾಗ ಮಾಡತಾರು. ಊಟದಾಗ ಚೂರು ವಿಕಿರಣ ಇರೋ ಔಷಧ ಕಲಿಸಿ ಕೊಟ್ಟು, ತಿಂದಕೂಡಲೇ, 1 ತಾಸಿಗೆ, 2 ತಾಸಿಗೆ, 4 ತಾಸಿಗೆ ಫೋಟೋ ತಗೀತಾರು. ಹೊರದೇಶದಾಗ ತತ್ತಿ ಬ್ರೆಡ್ ಕೊಡತಾರಂತ, ನನಗ ಇಡ್ಲಿ ಕೊಟ್ಟಿದ್ರು. 4 ತಾಸು ಆದ ಮ್ಯಾಲೂ ತಿಂದದ್ದರಾಗ 10% ಕಿಂತ ಹೆಚ್ಚು ಒಳಗ ಉಳದ್ರ ಹೊಟ್ಟಿ ನಿಧಾನ ಐತಿ ಅಂತ ಅರ್ಥ. ಎರಡ ತಾಸಿಗೆ ಪರೀಕ್ಷೆ ಮುಗಿಸಿ ಕಳಸಾಕ ನೋಡಿದ್ರ ನಾಲ್ಕು ತಾಸಿಂದ ಮಾಡ್ರಿ ಅಂತ ಕೇಳ್ರಿ, ಅರ್ಧಕ್ಕ ಬಿಟ್ರ ಕೆಲವರದು ಸಿಕ್ಕೊಳ್ಳಂಗಿಲ್ಲ. ಹೊಟ್ಟಿ ಓಡಿಸೋ, ಅಂದ್ರ ಲಗೂನ ಖಾಲಿ ಮಾಡಿಸೋ ಗುಳಿಗಿ, ಹೊಟ್ಟಿ ನಿಧಾನ ಮಾಡೋ ಗುಳಿಗಿ ಎರಡೂ ಎರಡು ಮೂರು ದಿನ ಮೊದಲ ನಿಲ್ಲಿಸಬೇಕಾಗತೈತಿ, ಅವತ್ತಿನ ಮುಂಜಾನಿ ಶುಗರ್ ಭಾಳ ಏರಿರಬಾರದು, ಯಾಕಂದ್ರ ರಕ್ತದಾಗ ಸಕ್ಕರಿ ಏರಿದ್ರ ಚಲೋ ಇದ್ದ ಹೊಟ್ಟೀನೂ ನಿಧಾನ ಆಗತೈತಿ. ಇನ್ನೊಂದು, ನೀವು ಈಗ ತಗೊಳ್ಳೋ ಔಷಧ ಎಲ್ಲಾ ಒಂದು ಚೀಟಿ ಮ್ಯಾಲ ಬರಕೊಂಡು ಹೋಗ್ರಿ. ಟ್ರಮಡಾಲ್ ಥರದ ನೋವಿನ ಗುಳಿಗಿ, ಈಗ ತೂಕ ಇಳಸಾಕ ಶುಗರ್‌ಗೆ ಅಂತ ಬಂದಾವಲ್ಲ ಸೆಮಾಗ್ಲುಟೈಡ್, ಲಿರಾಗ್ಲುಟೈಡ್ ಇಂಜೆಕ್ಷನ್, ಇವೂ ಹೊಟ್ಟಿ ನಿಧಾನ ಮಾಡತಾವು. ರೋಗ ಅಲ್ಲದ ಔಷಧದ್ದ ಆಟ ಆಗಿರಬಹುದು.

ಈಗ ಊಟದ ಮಾತು, ಇದನ್ನ ಉದ್ದ ಹೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಕಡೆ ಮಂದಿಗೆ ಇದು ಯಾಕ ಕಷ್ಟ ಅಂದ್ರ ನಾವು ಯಾವುದನ್ನ ಗಟ್ಟಿ ಊಟ, ಆರೋಗ್ಯದ ಊಟ ಅಂತೀವೋ ಅದ ಈ ಹೊಟ್ಟಿಗೆ ವೈರಿ. ಕಡಕ್ ರೊಟ್ಟಿ, ಮಡಕಿಕಾಳು, ಹಸಿ ಉಳ್ಳಾಗಡ್ಡಿ, ಹಸಿ ಮೆಂತೆಪಲ್ಲೆ, ಸೌತಿಕಾಯಿ, ಮ್ಯಾಲ ಶೇಂಗಾ ಹಿಂಡಿ ಎಣ್ಣಿ ಹಾಕ್ಕೊಂಡು. ಶುಗರ್ ಡಾಕ್ಟರು ನಾರು ಹೆಚ್ಚು ತಿನ್ರಿ ಅಂತಾರು, ಹೊಟ್ಟಿ ಡಾಕ್ಟರು ನಾರು ಬಿಡ್ರಿ ಅಂತಾರು, ನಡುವ ನಾವು. ನನಗ ಇದು ಬಗಿಹರಿಯಾಕ ಒಂದು ವರ್ಷ ಬೇಕಾತು. ನಾರು ಅಂದ್ರ ಹೊಟ್ಟಿ ಬೀಸಲಾರದ್ದು, ಒಳಗ ಉಳದು ಉಳದು ಒಂದಕ್ಕೊಂದು ಹೆಣಕೊಂಡು ಉಂಡಿ ಕಟ್ಟತೈತಿ, ಬೆಝೋರ್ ಅಂತಾರು ಅದಕ್ಕ, ಒಮ್ಮೊಮ್ಮೆ ಎಂಡೋಸ್ಕೋಪಿ ಹಾಕಿ ಒಡದು ತಗೀಬೇಕಾಗತೈತಿ. ಕಿತ್ತಳಿ ತೊಳಿ ಮ್ಯಾಲಿನ ಬಿಳಿ ಪದರ, ಹಣ್ಣಿನ ಸಿಪ್ಪಿ, ನುಗ್ಗಿಕಾಯಿ, ಜವಳಿಕಾಯಿ, ಗೊಂಜಾಳ ತೆನಿ, ತೆಂಗಿನಕಾಯಿ ಚೂರು ಇವನ್ನ ನಾನು ಪೂರ್ತಿ ಬಿಟ್ಟೀನಿ. ಮಲಬದ್ಧತೆಗೆ ಅಂತ ಇಸಬಗೋಲ್ ಕುಡಿಯೋ ಮಂದಿ ಭಾಳ ಅದಾರು, ನಮಗ ಅದು ಬ್ಯಾಡ, ಡಾಕ್ಟರನ್ನ ಕೇಳಿದ್ರ ನೀರಾಗ ಕಲಿಸಿ ಕುಡಿಯೋ ಬ್ಯಾರೆ ಪುಡಿ ಬರದು ಕೊಡತಾರು. ಮಲಬದ್ಧತೆ ಬಿಟ್ಟು ಕೂಡಬ್ಯಾಡ್ರಿ ಮತ್ತ, ಕೆಳಗ ಕಟ್ಟಿದ್ರ ಮ್ಯಾಲೂ ಕಟ್ಟಿದಂಗ ಆಗತೈತಿ.

ಎಣ್ಣಿ ತುಪ್ಪದ್ದು ಬ್ಯಾರೆ ಕಥಿ. ಕೊಬ್ಬು ಒಳಗ ಹೋದ್ರ ಕರುಳು ಹೊಟ್ಟಿಗೆ "ತಡೀ, ನಿಧಾನ ಕಳಸು" ಅಂತ ಸುದ್ದಿ ಕೊಡತೈತಿ, ಅದು ಎಲ್ಲರಿಗೂ ಹಂಗ, ನಮಗ ಮೊದಲ ನಿಧಾನ ಇರೋದರಿಂದ ಗಾಡಿ ಪೂರ್ತಿ ನಿಂತ ಬಿಡತೈತಿ. ಮಿರ್ಚಿ ಭಜಿ, ಎಣ್ಣಿಗಾಯಿ, ಪೂರಿ ಇವು ಹೋದ್ವು. ಬೆಳಗಾವಿ ಕುಂದಾ, ಅಮೀನಗಡ ಕರದಂಟು ಅಂತೂ ಕೇಳಬ್ಯಾಡ್ರಿ, ಕರದಂಟಿನಾಗ ಅಂಟು, ಉತ್ತತ್ತಿ, ಗೋಡಂಬಿ, ಕೊಬ್ಬರಿ, ತುಪ್ಪ, ನಮ್ಮ ಹೊಟ್ಟಿಗೆ ಬ್ಯಾಡಾದದ್ದು ಎಲ್ಲಾ ಒಂದ ತುಂಡಿನಾಗ ಕೂಡೇತಿ! ಆದ್ರ ಕುಡಿಯೋದರಾಗ ಇರೋ ಕೊಬ್ಬು, ಅಂದ್ರ ಒಂದು ವಾಟಿ ಹಾಲು, ಭಾಳ ಮಂದಿಗೆ ಸಾಗತೈತಿ, ತೂಕ ಇಳಿಯೋವರಿಗೆ ಅದ ಆಧಾರ.

ಹಂಗಾರ ಏನು ತಿನಬೇಕು? ಗುರುತು ಒಂದ ಐತಿ, ಬೇಯಿಸಿದ ಆಲೂಗಡ್ಡಿ ಚಮಚಾದಿಂದ ಒತ್ತಿದ್ರ ಹೆಂಗ ನುರೀತೈತಿ ಹಂಗ ನುರೀಬೇಕು. ನುರೀಲಿಲ್ಲಂದ್ರ ಮಿಕ್ಸರ್‌ಗೆ ಹಾಕ್ರಿ. ಇದು ನನ್ನ ತಲಿಯಿಂದ ತಗದದ್ದಲ್ಲ, 2014ರಾಗ ಸ್ವೀಡನ್ ದೇಶದಾಗ ಶುಗರ್‌ದಿಂದ ಹಿಂಗಾದವರಿಗೆ 20 ವಾರ ಇಂಥಾ ಸಣ್ಣ ಕಣದ ಊಟ ಕೊಟ್ಟು ನೋಡಿದ್ರು, ಮಾಮೂಲಿ ಶುಗರ್ ಡಯಟ್ ತಿಂದವರಿಗಿಂತ ಇವರಿಗೆ ವಾಕರಿಕಿ, ವಾಂತಿ, ಹೊಟ್ಟಿ ಉಬ್ಬರ ಕಡಿಮಿ ಆದ್ವು. ಅಂದ್ರ ರುಚಿ ಬಿಡೋ ಜರೂರಿಲ್ಲ, ಗಾತ್ರ ಸಣ್ಣ ಮಾಡಬೇಕು.

ಜೋಳದ ಅಂಬಲಿ ನನ್ನ ಜೀವ ಉಳಿಸಿದ್ದು. ಎರಡು ಚಮಚ ಜೋಳದ ಹಿಟ್ಟು, ಅರಿವ್ಯಾಗ ಸೋಸಿದ್ದು, ಗಿರಣ್ಯಾಗ ಸಣ್ಣಂಗ ಬೀಸಿಸ್ಕೊಂಡು ಬಂದದ್ದಿದ್ರೂ ಮತ್ತೊಮ್ಮೆ ಸೋಸ್ರಿ, ತವಡು ಮ್ಯಾಲ ಉಳೀತೈತಿ. ತಣ್ಣೀರಾಗ ಗಂಟಿಲ್ಲದಂಗ ಕಲಿಸಿ, ಕುದಿಯೋ ನೀರಿಗೆ ಬಿಟ್ಟು ಕೈ ಬಿಡದ ತಿರುವಿ ಹತ್ತು ನಿಮಿಷ ಕುದಿಸಿ, ಆರಿದ ಮ್ಯಾಲ ಬೆಣ್ಣಿ ತಗದ ಮಜ್ಜಿಗಿ, ಉಪ್ಪು, ಜೀರಗಿ ಪುಡಿ. ಅದರಾಗ ಹಸಿ ಉಳ್ಳಾಗಡ್ಡಿ ಹೆಚ್ಚಿ ಹಾಕೋದು ನಮ್ಮ ಪದ್ಧತಿ, ಅದನ್ನೊಂದು ಬಿಡ್ರಿ. ಹೆಸರಬ್ಯಾಳಿ ಅಕ್ಕಿ ಕಿಚಡಿ, ಕೈಯಾಗ ಹಿಚುಕಿದ್ರ ಮುದ್ದಿ ಆಗೂತನಾ ಬೇಯಿಸಿದ್ದು. ಕಟ್ಟಿನ ಸಾರು ಅನ್ನ, ಅನ್ನ ಮಾತ್ರ ಉದುರು ಉದುರು ಬ್ಯಾಡ. ಕುಂಬಳಕಾಯಿ, ಹೀರಿಕಾಯಿ, ಗಜ್ಜರಿ ಸಿಪ್ಪಿ ಬೀಜ ತಗದು ಕುಕ್ಕರ್‌ದಾಗ ಕೂಗಿಸಿ ರುಬ್ಬಿ ಸಾರಿನಂಗ. ರವಾ ಗಂಜಿ, ಇಡ್ಲಿ, ತತ್ತಿ ತಿನ್ನೋವರು ತತ್ತಿ, ಹಣ್ಣಾದ ಬಾಳೆಹಣ್ಣು ಅರ್ಧ. ಶೇಂಗಾ ಬೇಕ ಬೇಕು ಅನಿಸಿದ್ರ ನುಣ್ಣಗ ಬೆಣ್ಣಿಯಂಗ ರುಬ್ಬಿದ್ದು ಒಂದ ಚಮಚ, ಹಿಂಡಿ ಬ್ಯಾಡ.

ರೊಟ್ಟಿ ಬಿಟ್ಟು ಇರಾಕ ಆಗಲಿಲ್ರಿ ನನಗ, ಸುಳ್ಳು ಯಾಕ ಹೇಳಲಿ. ಆರಾಮ ಇದ್ದ ದಿನ ಬಿಸಿ ರೊಟ್ಟಿ, ಅರ್ಧಾ, ಅದೂ ಮಧ್ಯಾಹ್ನ ಮಾತ್ರ, ಚೂರು ಚೂರು ಮುರದು ಬಿಸಿ ಹಾಲಿನಾಗ ನೆನಿಸಿಟ್ಟು ಹತ್ತು ನಿಮಿಷ ಆದ ಮ್ಯಾಲ ಮಿಕ್ಸರ್‌ದಾಗ ಒಂದು ಸುತ್ತು. ನೋಡಾಕ ಸುಣ್ಣದಂಗ ಕಾಣತೈತಿ. ನಮ್ಮ ಸಣ್ಣ ಮಗ ಮೊದಲ ಸಲ ನೋಡಿ "ಅವ್ವಾ, ಗ್ವಾಡಿಗೆ ಹಚ್ಚೋದೇನ?" ಅಂದಿದ್ದ. ಆದ್ರ ರೊಟ್ಟಿ ವಾಸನಿ ಇರತೈತಿ, ಅಷ್ಟ ಸಾಕು.

ಎಷ್ಟು ತಿನಬೇಕು ಅನ್ನೋದಕ್ಕ ತಾಟು ಎತ್ತಿ ಇಟ್ಟು ವಾಟಿ ಹಿಡೀರಿ. ದಿನಕ್ಕ ಮೂರು ತಾಟಿನ ಜಾಗಾದಾಗ ಆರು ವಾಟಿ. ನಂದು ಹಿಂಗ ನಡೀತೈತಿ: ಮುಂಜಾನಿ ಏಳಕ್ಕ ಗಂಜಿ, ಹತ್ತಕ್ಕ ಇಡ್ಲಿ ಒಂದೋ ಎರಡೋ, ಒಂದಕ್ಕ ಊಟ, ನಾಲ್ಕಕ್ಕ ಹಾಲು ಇಲ್ಲಾ ತೆಳ್ಳನ ಚಾ ಬಿಸ್ಕೀಟು, ಆರೂವರಿಗೆ ಕಿಚಡಿ, ಮಲಗೋ ಎರಡು ಮೂರು ತಾಸು ಮೊದಲ ಅಂಬಲಿ. ಗಟ್ಟಿ ಇದ್ದದ್ದೆಲ್ಲಾ ಸೂರ್ಯಾ ಇದ್ದಾಗ, ಕತ್ತಲಾದ ಮ್ಯಾಲ ಕುಡಿಯೋದು. ದಿನ ಏರಿದಂಗ ಹೊಟ್ಟಿ ತುಂಬಕೋಂತ ಹೋಗತೈತಿ ಅದಕ್ಕ. ನೀರು ಊಟದ ಮುಂದ ಗಟಗಟ ಕುಡದ್ರ ಊಟಕ್ಕ ಜಾಗ ಇರಂಗಿಲ್ಲ, ಗುಟುಕು ಗುಟುಕು ದಿನಾ ಎಲ್ಲಾ ಕುಡೀರಿ. ಸೋಡಾ, ಗ್ಯಾಸಿಂದ ಕೋಲಾ ಬ್ಯಾಡ, ಉಬ್ಬರಕ್ಕ ಮತ್ತಿಷ್ಟು ಗಾಳಿ ಹಾಕಿದಂಗ. ಸಿಗರೇಟು, ದಾರು ಎರಡೂ ಹೊಟ್ಟಿ ನಿಧಾನ ಮಾಡತಾವು, ಮನ್ಯಾಗಿನ ಗಂಡಸರು ಓದಾಕತ್ತಿದ್ರ ಅವರಿಗೂ ಹೇಳಿದೆ.

ಉಂಡಕೂಡಲೇ ಅಡ್ಡ ಆಗಬಾರದು. ನಾನು ಹದಿನೈದು ಇಪ್ಪತ್ತು ನಿಮಿಷ ಮನಿ ಮುಂದಿನ ರಸ್ತಾದಾಗ ಅಡ್ಡಾಡತೀನಿ, ಬ್ಯಾಸಗ್ಯಾಗ ಮಧ್ಯಾಹ್ನ ನಮ್ಮ ಬಿಸಲು ಗೊತ್ತಲ್ಲ, ಆಗ ಪಡಸಾಲ್ಯಾಗ ಗ್ವಾಡಿಯಿಂದ ಗ್ವಾಡಿಗೆ. ಕುಂದ್ರೋದಾದ್ರ ನೆಟ್ಟಗ ಕುಂದ್ರಬೇಕು, ತಲಿ ಕಡೆ ಮಂಚದ ಕಾಲಿಗೆ ಇಟ್ಟಿಗಿ ಕೊಟ್ರ ರಾತ್ರಿ ಹುಳಿ ಮ್ಯಾಲ ಬರೋದು ತಪ್ಪತೈತಿ. ವಾಂತಿ ಆದಕೂಡಲೇ ಹಲ್ಲು ತಿಕ್ಕಬ್ಯಾಡ್ರಿ, ಆಸಿಡ್ ಹತ್ತಿದ ಹಲ್ಲು ಸವೀತಾವು, ಒಂದು ಗ್ಲಾಸು ನೀರಿಗೆ ಚೂರು ಅಡಗಿ ಸೋಡಾ ಹಾಕಿ ಬಾಯಿ ಮುಕ್ಕಳಿಸಿ ಅರ್ಧ ತಾಸು ಬಿಟ್ಟು ತಿಕ್ರಿ.

ಶುಗರ್ ಇದ್ದವರು ಇದನ್ನ ಎರಡು ಸಲ ಓದ್ರಿ. ಇನ್ಸುಲಿನ್ ಚುಚ್ಚಿಕೊಂಡು ಊಟ ಮಾಡ್ತೀವಿ, ಇನ್ಸುಲಿನ್ ತನ್ನ ಟೈಮಿಗೆ ಕೆಲಸ ಶುರು ಮಾಡತೈತಿ, ಊಟ ಮಾತ್ರ ಇನ್ನೂ ಹೊಟ್ಟ್ಯಾಗ ಕುಂತಿರತೈತಿ. ಅದಕ್ಕ ಉಂಡ ಒಂದು ತಾಸಿಗೆ ಶುಗರ್ ಬಿದ್ದು ಬೆವರು, ನಡುಕ, ಆಮ್ಯಾಲ ನಾಲ್ಕು ತಾಸು ಬಿಟ್ಟು ಊಟ ಇಳದು 300 ದಾಟತೈತಿ. ನನ್ನ ಮೀಟರ್ ಕೆಟ್ಟೈತಿ ಅಂತ ಹೊಸಾದು ತಂದಿದ್ದೆ ನಾನು, ಮೀಟರ್ ಸರಿ ಇತ್ತು. ಡಾಕ್ಟರಿಗೆ ಆ ಬರದಿಟ್ಟ ನಂಬರ್ ತೋರಿಸಿದ ಮ್ಯಾಲ ನನಗ ಊಟ ಆದ ಮ್ಯಾಲ ತಗೋ ಅಂತ ಬದಲಿ ಮಾಡಿದ್ರು, ಡೋಸೂ ಬದಲಿ ಆತು. ನೀವಾಗೇ ಬದಲಿ ಮಾಡಬ್ಯಾಡ್ರಿ, ಎರಡು ವಾರದ ನಂಬರ್ ಬರದು ಒಯ್ರಿ. ಶುಗರ್ ಬಿದ್ದಾಗ ಪೇಡೆ, ಚಾಕಲೇಟ್ ತಿಂದ್ರ ನಮಗ ಉಪಯೋಗಿಲ್ಲ, ಅದರ ಕೊಬ್ಬಿಗೆ ಹೊಟ್ಟಿ ನಿಂತು ಸಕ್ಕರಿ ಮ್ಯಾಲ ಏರೋದು ತಡಾ ಆಗತೈತಿ. ನೀರಾಗ ಕರಗಿಸಿದ ಗ್ಲುಕೋಸ್ ಪುಡಿ, 15 ಗ್ರಾಂ, ಅಂದ್ರ ಮೂರು ಚಿಕ್ಕ ಚಮಚ ತುಂಬಿ, 15 ನಿಮಿಷ ಬಿಟ್ಟು ಮತ್ತ ನೋಡ್ರಿ. ಎಚ್ಚರ ತಪ್ಪಿದವರ ಬಾಯಾಗ ಮಾತ್ರ ಏನೂ ಹಾಕಬಾರದು, ಸೀದಾ 108ಕ್ಕ ಫೋನ್ ಹಚ್ರಿ. ಮೆಟ್‌ಫಾರ್ಮಿನ್ ಭಾಳ ವರ್ಷದಿಂದ ತಗೊಳ್ಳೋವರು ಬಿ12 ಒಮ್ಮೆ ನೋಡಸ್ರಿ, ಊಟಾನೂ ಕಡಿಮಿ, ಗುಳಿಗೀನೂ ಅದನ್ನ ಇಳಿಸತೈತಿ.

ಗುಳಿಗಿ ವಿಚಾರದಾಗ ನನಗ ಸಿಟ್ಟು ಐತಿ ಸ್ವಲ್ಪ. ಹೊಟ್ಟಿ ಓಡಿಸಾಕ ಮೆಟೊಕ್ಲೊಪ್ರಮೈಡ್, ಡೊಂಪೆರಿಡೋನ್, ಇಟೊಪ್ರೈಡ್, ಲೆವೊಸಲ್ಪಿರೈಡ್ ಕೊಡತಾರು, ಊಟಕ್ಕ ಹದಿನೈದು ಮೂವತ್ತು ನಿಮಿಷ ಮೊದಲ ನುಂಗಬೇಕು, ಊಟ ಆದ ಮ್ಯಾಲ ನುಂಗಿದ್ರ ಅದೂ ಅನ್ನದ ಜೋಡಿ ಒಳಗ ಕುಂದರತೈತಿ. ಕೆಲವರಿಗೆ ಎರಿಥ್ರೊಮೈಸಿನ್ ಕೊಡತಾರು, ಅದು ಕೆಲವು ವಾರ ಚಲೋ ಕೆಲಸ ಮಾಡಿ ಆಮ್ಯಾಲ ಕೈ ಕೊಡತೈತಿ. ಸಿಟ್ಟು ಯಾಕಂದ್ರ ಮೆಡಿಕಲ್ ಶಾಪಿನಾಗ "ಗ್ಯಾಸಿನ ಗುಳಿಗಿ" ಅಂತ ಕೊಡೋ ಕ್ಯಾಪ್ಸೂಲಿನಾಗ ಆಸಿಡ್ ಔಷಧದ ಜೋಡಿ ಲೆವೊಸಲ್ಪಿರೈಡ್ ಇಲ್ಲಾ ಡೊಂಪೆರಿಡೋನ್ ಸೇರಿರತೈತಿ, ಅದನ್ನ ಗೊತ್ತಿಲ್ಲದ ವರ್ಷಾನಗಟ್ಲೆ ನುಂಗೋ ಮಂದಿ ಐತಿ. ಮೆಟೊಕ್ಲೊಪ್ರಮೈಡ್‌ಗೆ ಅಮೆರಿಕಾದ ಔಷಧ ಇಲಾಖೆ 2009ರಾಗ ದೊಡ್ಡ ಎಚ್ಚರಿಕೆ ಹಾಕೇತಿ, 12 ವಾರ ದಾಟಿ ತಗೋಬಾರದು ಅಂತ, ಯಾಕಂದ್ರ ಬಾಯಿ, ನಾಲಿಗಿ, ಮುಖ ತಾವಾಗೇ ಅಲಗ್ಯಾಡೋ ರೋಗ ಬರಬಹುದು, ಬಂದ್ರ ಹೋಗದ ಉಳಿಯಲೂಬಹುದು. ಲೆವೊಸಲ್ಪಿರೈಡ್‌ದಿಂದ ಕೈ ನಡುಗೋದು, ಮೈ ಬಿಗಿಯಾಗೋದು ಆಗತೈತಿ, ಮುಟ್ಟೂ ಏರುಪೇರಾಗತೈತಿ. ನಮ್ಮ ಓಣ್ಯಾಗಿನ ಒಬ್ಬ ಅಜ್ಜಿಗೆ ಕೈ ನಡುಗೋದು ವಯಸ್ಸಿಗೆ ಅಂತ ಬಿಟ್ಟಿದ್ರು, ನಾನು ಸುಮ್ಮನ ಅವರ ಗುಳಿಗಿ ಡಬ್ಬಿ ನೋಡಿದೆ, ಇತ್ತು ಅದು. ಡಾಕ್ಟರ್ ನಿಲ್ಲಿಸಿದ ಮ್ಯಾಲ ಎರಡು ತಿಂಗಳದಾಗ ಚಾ ಬಸಿ ತಾವ ಹಿಡಿಯಾಕತ್ತಿದ್ರು. ಡೊಂಪೆರಿಡೋನ್ ತಗೊಳ್ಳೋವರು ಹೃದಯದ ತ್ರಾಸು ಇದ್ರ ಮೊದಲ ಹೇಳ್ರಿ. ಅದಕ್ಕ ಗುಳಿಗಿ ಪಟ್ಟಿ ಹಿಂದಿನ ಸಣ್ಣ ಅಕ್ಷರ ಓದ್ರಿ, ಕಣ್ಣಿಗೆ ಕಾಣದಿದ್ರ ಮೊಬೈಲ್‌ದಾಗ ಫೋಟೋ ಹೊಡದು ದೊಡ್ಡದು ಮಾಡ್ರಿ. ಒಂಡಾನ್ಸೆಟ್ರಾನ್ ಬರೇ ವಾಕರಿಕಿ ನಿಲ್ಲಿಸತೈತಿ, ಹೊಟ್ಟಿ ಓಡಿಸಂಗಿಲ್ಲ, ಮ್ಯಾಲ ಮಲಬದ್ಧತೆ ಮಾಡತೈತಿ. ಹಸಿ ಶುಂಠಿ ಕುದಿಸಿದ ನೀರು ಎರಡು ಗುಟುಕು ನನಗ ವಾಕರಿಕಿಗೆ ಹಿತ ಅನಸತೈತಿ. ಊಟ, ಗುಳಿಗಿ ಯಾವುದಕ್ಕೂ ಜಗ್ಗದವರಿಗೆ ಎಂಡೋಸ್ಕೋಪಿಯಿಂದನ ಹೊಟ್ಟಿ ಬಾಗಲಿನ ಸ್ನಾಯು ಕೊಯ್ದು ಸಡಲ ಮಾಡೋ ಜಿ-ಪೋಯಮ್ ಅಂತ ಒಂದು ಚಿಕಿತ್ಸೆನೂ ಬಂದೈತಿ.

ಮನ್ಯಾಗ ಕೂಡಬಾರದ ಹೊತ್ತು ಯಾವಾಗ ಅಂದ್ರ: ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ರ, ಉಚ್ಚಿ ಕಡಿಮಿ ಆಗಿ ಗಾಢ ಹಳದಿ ಆದ್ರ, ಎದ್ದು ನಿಂತ್ರ ಕಣ್ಣಿಗೆ ಕತ್ತಲ ಬಂದ್ರ, ವಾಂತ್ಯಾಗ ರಕ್ತ ಇಲ್ಲಾ ಕಾಫಿ ಪುಡಿಯಂಥಾ ಕರೇದು ಬಂದ್ರ, ಹೊಟ್ಟಿ ನೋವು ಒಮ್ಮಿಂದೊಮ್ಮೆಲೆ ಜೋರಾದ್ರ. ಶುಗರ್ ಇದ್ದು ವಾಂತಿ ನಿಲ್ಲದಿದ್ರ ರಾತ್ರಿ ಅಂತ ನೋಡಬ್ಯಾಡ್ರಿ, ಮುಂಜಾನಿ ಹೋದ್ರಾತು ಅನಬ್ಯಾಡ್ರಿ. ತೂಕ ವಾರಕ್ಕೊಮ್ಮೆ ಒಂದ ದಿನ ಒಂದ ಟೈಮಿಗೆ ನೋಡ್ರಿ, 60 ಕಿಲೋದವರು ಮೂರು ತಿಂಗಳದಾಗ ಮೂರು ಕಿಲೋ ತಾನ ಇಳದ್ರ ಡಾಕ್ಟರಿಗೆ ಹೇಳೋ ಮಾತು ಅದು.

ಇನ್ನ ಉಳದದ್ದು ಮಂದಿ. ಮದುವಿ ಮನ್ಯಾಗ ಹೋಳಿಗಿ ಬುಟ್ಟಿ ಹಿಡಕೊಂಡು ಬಂದವರು "ಯಾಕ್ರಿ ಅಕ್ಕಾರ, ನಮ್ಮನಿ ಊಟ ಸೇರಲಿಲ್ಲೇನು?" ಅಂದ್ರ ಏನು ಹೇಳೋದು, ಗ್ಯಾಸ್ಟ್ರೋಪರೆಸಿಸ್ ಅಂತ ಬಾಯಿ ತುಂಬ ಹೇಳಿದ್ರ ಅವರು ಗ್ಯಾಸೇನು ಅಂತಾರು, ಅರ್ಧ ಬಾಟಲಿ ಸೋಡಾ ತಂದು ಕೊಡತಾರು. ನಾನೀಗ "ಹೊಟ್ಟಿ ನರ ಹೋಗೇತ್ರಿ, ಡಾಕ್ಟರ್ ಬರದು ಕೊಟ್ಟದ್ದ ಉಣ್ಣಬೇಕು" ಅಂತೀನಿ, ನರ ಅಂದಕೂಡಲೇ ಸುಮ್ಮನ ಆಗತಾರು. ಪಂಗತಿಗೆ ಕುಂದ್ರತೀನಿ, ಎಲಿ ಮ್ಯಾಲ ಎರಡು ಚಮಚ ಅನ್ನ ಸಾರು ಹಾಕಿಸ್ಕೊಂಡು ಎಲ್ಲಾರ ಜೋಡಿ ಎದ್ದೇಳತೀನಿ.

ಹೋದ ಎಳ್ಳ ಅಮಾವಾಸಿಗೆ ಹೊಲಕ್ಕ ಹೋಗಿದ್ವಿ. ಸಜ್ಜಿರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗಿ, ಭರತ, ಐದಾರು ನಮೂನಿ ಹಿಂಡಿ, ಎಲ್ಲಾ ಎದುರಿಗೆ ಹರವಿ ಕುಂತಾರು, ನಾನು ಬನ್ನಿ ಗಿಡದ ಬುಡಕ ನನ್ನ ಥರ್ಮಾಸ್ ಬಿಚ್ಚಿದೆ. ಹಿಂದಿನ ವರ್ಷ ಅಳು ಬಂದಿತ್ತು ಖರೇನ. ಈ ಸಲ ನಮ್ಮ ಅತ್ತಿಯವರು ಯಾರಿಗೂ ಹೇಳದ ಮನ್ಯಾಗ ಹೋಳಿಗಿ ಹೂರಣದಾಗಿಂದು ಒಂದ ಚಮಚ ತಗದು ಹಾಲು ಹಾಕಿ ನುಣ್ಣಗ ರುಬ್ಬಿ ಸಣ್ಣ ಡಬ್ಬ್ಯಾಗ ತಂದಿದ್ರು, "ನಿನ್ನ ಪಾಲು" ಅಂತ ಮುಂದಿಟ್ರು. ಚಮಚಾದ ತುದಿಯಿಂದ ಹಚ್ಚಿಕೊಂಡು ಚಪ್ಪರಿಸಿ, ಶುಗರ್ ನೋಡಿಕೊಂಡು, ಬದುವಿನ ಮ್ಯಾಲ ಎರಡು ಸುತ್ತು ಅಡ್ಡಾಡಿ ಬಂದೆ.

ಥರ್ಮಾಸ್ ತಗೊಳ್ಳೋದಿದ್ರ ಬಾಯಿ ಅಗಲ ಇದ್ದದ್ದು, ಒಳಗ ಸ್ಟೀಲ್ ಇದ್ದದ್ದು ತಗೋರಿ. ಮನಿಗೆ ಬಂದಕೂಡಲೇ ಬಿಸಿನೀರು ಹಾಕಿ ತೊಳದಿಡ್ರಿ, ಅಂಬಲಿ ಒಂದು ರಾತ್ರಿ ಒಳಗ ಉಳದ್ರ ಆ ಹುಳಿ ವಾಸನಿ ವಾರಗಟ್ಲೆ ಹೋಗಂಗಿಲ್ಲ.